ಸ್ಪರ್ಶರಹಿತ ಪಾವತಿಯ ಪ್ರಸಾರ: ಪ್ರಚಲಿತ ಅಭಿಪ್ರಾಯವೊಂದರ ವಿಮರ್ಶೆ

೧

ಅಂಗಡಿಯ ಯಂತ್ರದ ಸಮೀಪಕ್ಕೆ ಮೊಬೈಲ್ ಫೋನನ್ನು ಹಿಡಿದು ಹಣ ಸಲ್ಲಿಸುವ ಪದ್ಧತಿಯು ಕಳೆದ ಎರಡು ದಶಕಗಳಲ್ಲಿ ಪ್ರಪಂಚದ ಹಲವು ದೇಶಗಳಲ್ಲಿ ಹಬ್ಬಿದೆ. ಈ ಬೆಳವಣಿಗೆಯನ್ನು ಕುರಿತು ಪತ್ರಿಕೆಗಳಲ್ಲಿಯೂ ವಾಣಿಜ್ಯಶಾಸ್ತ್ರದ ಪಠ್ಯಗಳಲ್ಲಿಯೂ ಕಂಡುಬರುವ ವಿವರಣೆ ಸಾಮಾನ್ಯವಾಗಿ ಒಂದೇ ಬಗೆಯದು. ಉತ್ತಮವಾದ ಉಪಕರಣವೊಂದು ಹುಟ್ಟಿತು. ಅದರ ಸೌಕರ್ಯವನ್ನು ಕಂಡು ಜನ ಮೆಚ್ಚಿದರು. ಬ್ಯಾಂಕುಗಳು ಮುಂದಾಗಿ ಅದನ್ನು ಅಂಗೀಕರಿಸಿದುವು. ವರ್ತಕರು ಮೊದಲು ಹಿಂಜರಿದು, ಕಡೆಗೆ ಕಾಲಪ್ರವಾಹಕ್ಕೆ ತಲೆಬಾಗಿದರು ಎಂಬುದೇ ಆ ವಿವರಣೆಯ ಸಾರಾಂಶ. ಇದು ಸುಲಭಗ್ರಾಹ್ಯವಾದದ್ದು, ನಿಜ. ಆದರೆ ಇತಿಹಾಸದ ವಿದ್ಯಾರ್ಥಿಯ ದೃಷ್ಟಿಯಿಂದ ನೋಡಿದಾಗ, ಅದು ನಡೆದುದನ್ನು ತಿಳಿಸುವುದಕ್ಕಿಂತ ಮರೆಮಾಡುವುದೇ ಹೆಚ್ಚು. ಗೆದ್ದವರ ಗೆಲವನ್ನೇ ಆ ಗೆಲವಿಗೆ ಕಾರಣವೆಂದು ಹೇಳುವ ದೋಷ ಅದರಲ್ಲಿ ಅಡಗಿದೆ. ಒಪ್ಪದೆ ನಿಂತವರನ್ನು ಅಜ್ಞರೆಂದೋ ಹಿಂದುಳಿದವರೆಂದೋ ಎಣಿಸುವ ದೋಷವೂ ಅದರೊಡನೆ ಸೇರಿಕೊಂಡಿದೆ.

ಈ ಅಭಿಪ್ರಾಯವನ್ನು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ೨೦೧೧ರಿಂದ ೨೦೧೯ರವರೆಗೆ ನಡೆದ ಸಂಗತಿಗಳ ಆಧಾರದ ಮೇಲೆ ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ. ಆ ದೇಶವನ್ನು ಆರಿಸಿಕೊಂಡುದಕ್ಕೆ ಕಾರಣವಿದೆ. ಬೇರೆಡೆಗಳಲ್ಲಿ ಒಳಗೊಳಗೇ ನಡೆದುಹೋದ ಬ್ಯಾಂಕು–ವರ್ತಕರ ತಿಕ್ಕಾಟ ಅಲ್ಲಿ ಬಹಿರಂಗವಾಗಿ ನಡೆಯಿತು. ಆದಕಾರಣ ಅದನ್ನು ಕುರಿತ ಸಾಕ್ಷ್ಯವೂ ಹೇರಳವಾಗಿದೆ. ಅಲ್ಲಿಯ ಸಂಗತಿಗಳನ್ನು ಕ್ರಮವಾಗಿ ನೋಡಿದರೆ, ಪಾವತಿಯ ಹೊಸ ಪದ್ಧತಿಯೊಂದು ನಿಲ್ಲುವುದೂ ಬೀಳುವುದೂ ಉಪಕರಣದ ಗುಣದಿಂದಲ್ಲ. ಶುಲ್ಕವನ್ನು ತೆರುವವರು ಯಾರು, ಮೋಸವಾದಾಗ ನಷ್ಟವನ್ನು ಹೊರುವವರು ಯಾರು, ವ್ಯಾಪಾರದ ಲೆಕ್ಕವನ್ನು ತಮ್ಮಲ್ಲಿ ಇಟ್ಟುಕೊಳ್ಳುವವರು ಯಾರು ಎಂಬ ಮೂರು ಪ್ರಶ್ನೆಗಳ ಇತ್ಯರ್ಥದಿಂದ ಎಂಬುದು ತಿಳಿದುಬರುತ್ತದೆ.

೨

ಮೊದಲು ಉಪಕರಣದ ಮಾತು. ಎನ್‌ಎಫ್‌ಸಿ ಎಂದು ಹೆಸರಾದ ಈ ವಿಧಾನದಲ್ಲಿ ಫೋನೂ ಅಂಗಡಿಯ ಯಂತ್ರವೂ ೧೩.೫೬ ಮೆಗಾಹರ್ಟ್ಸ್ ಆವರ್ತದ ರೇಡಿಯೋ ತರಂಗಗಳ ಮೂಲಕ ಕೆಲವೇ ಸೆಂಟಿಮೀಟರುಗಳ ಅಂತರದಲ್ಲಿ ಸಂದೇಶವನ್ನು ವಿನಿಮಯ ಮಾಡಿಕೊಳ್ಳುತ್ತವೆ. ಇದರ ಮೂಲತತ್ತ್ವ ಹೊಸದಲ್ಲ. ಮೊಬಿಲ್ ಕಂಪೆನಿಯು ೧೯೯೭ರಲ್ಲಿಯೇ ತನ್ನ ಪೆಟ್ರೋಲ್ ಬಂಕುಗಳಲ್ಲಿ ಬೀಗದಕೈ ಗೊಂಚಲಿಗೆ ಕಟ್ಟಿಕೊಳ್ಳುವ ರೇಡಿಯೋ ಬಿಲ್ಲೆಯೊಂದರಿಂದ ಹಣ ಸಲ್ಲಿಸುವ ಏರ್ಪಾಡನ್ನು ಮಾಡಿತ್ತು. ಜಪಾನಿನ ಎನ್‌ಟಿಟಿ ಡೊಕೊಮೊ ಸಂಸ್ಥೆಯು ೨೦೦೪ರ ಜುಲೈ ತಿಂಗಳಲ್ಲಿ ಫೋನಿನೊಳಗೇ ಇಂತಹ ಚಿಪ್ಪನ್ನಿಟ್ಟು ಮಾರಿತು. ೨೦೦೬ರ ವೇಳೆಗೆ ಟೋಕಿಯೋ ನಗರದ ರೈಲ್ವೆ ಪ್ರಯಾಣಿಕರು ಫೋನನ್ನು ತೋರಿಸಿ ನಿಲ್ದಾಣವನ್ನು ಪ್ರವೇಶಿಸುತ್ತಿದ್ದರು. ಅಮೆರಿಕದಲ್ಲಿ ಗೂಗಲ್ ಸಂಸ್ಥೆಯ ‘ವ್ಯಾಲೆಟ್’ ಬಂದುದು ೨೦೧೧ರಲ್ಲಿ; ಆಪಲ್ ಸಂಸ್ಥೆಯ ‘ಆಪಲ್ ಪೇ’ ಬಂದುದು ೨೦೧೪ರ ಅಕ್ಟೋಬರ್ ೨೦ರಂದು. ಉಪಕರಣವಿದ್ದ ಮಾತ್ರಕ್ಕೆ ಪದ್ಧತಿ ಹಬ್ಬುವುದಾದರೆ, ಈ ಹತ್ತು ವರ್ಷಗಳ ಅಂತರಕ್ಕೆ ಅರ್ಥವೇ ಇರುವುದಿಲ್ಲ.

ಎರಡನೆಯದಾಗಿ, ‘ಸ್ವೀಕಾರ’ ಎಂಬ ಶಬ್ದವನ್ನು ಪರೀಕ್ಷಿಸಬೇಕು. ಪ್ರಚಲಿತ ವಿವರಣೆಯಲ್ಲಿ ಈ ಒಂದು ಶಬ್ದ ನಾಲ್ಕು ಬೇರೆ ಬೇರೆ ಕ್ರಿಯೆಗಳನ್ನು ಸೂಚಿಸುತ್ತದೆ. ಬ್ಯಾಂಕು ತನ್ನ ಕಾರ್ಡನ್ನು ಫೋನಿನೊಳಕ್ಕೆ ಸೇರಿಸಲು ಒಪ್ಪುವುದು ಒಂದು. ವರ್ತಕನು ತಕ್ಕ ಯಂತ್ರವನ್ನು ಅಂಗಡಿಯಲ್ಲಿಡುವುದು ಎರಡನೆಯದು. ಆ ಯಂತ್ರದಲ್ಲಿ ಈ ವ್ಯವಸ್ಥೆ ಚಾಲನೆಯಲ್ಲಿರುವಂತೆ ನೋಡಿಕೊಳ್ಳುವುದು ಮೂರನೆಯದು. ಗಿರಾಕಿಯು ಅದನ್ನು ನಿಜವಾಗಿ ಉಪಯೋಗಿಸುವುದು ನಾಲ್ಕನೆಯದು. ಒಂದನ್ನು ಎಣಿಸಿ ನಾಲ್ಕೂ ಆದುವೆಂದು ಹೇಳುವುದು ಈ ವಿಷಯವನ್ನು ಕುರಿತ ಬರಹಗಳಲ್ಲಿ ಪದೇ ಪದೇ ಕಾಣುವ ತಪ್ಪು.

ಇದಕ್ಕೆ ನಿದರ್ಶನವೊಂದನ್ನು ಕೊಡಬಹುದು. ಆಪಲ್ ಪೇ ಆರಂಭವಾದಾಗ ೨,೨೦,೦೦೦ ವ್ಯಾಪಾರ ಸ್ಥಳಗಳಲ್ಲಿ ಅದನ್ನು ಉಪಯೋಗಿಸಬಹುದೆಂದು ಆ ಸಂಸ್ಥೆ ಪ್ರಕಟಿಸಿತು. ಈ ಸಂಖ್ಯೆಯನ್ನು ವರ್ತಕರ ಸಮ್ಮತಿಯ ಪ್ರಮಾಣವೆಂದು ಅನೇಕರು ಉದ್ಧರಿಸಿದ್ದಾರೆ. ವಾಸ್ತವವಾಗಿ ಅದು ಸ್ಪರ್ಶರಹಿತ ಕಾರ್ಡುಗಳಿಗಾಗಿ ಮೊದಲೇ ಸಿದ್ಧವಾಗಿದ್ದ ಯಂತ್ರಗಳಿದ್ದ ಸ್ಥಳಗಳ ಎಣಿಕೆ. ಅವುಗಳ ಪೈಕಿ ಬಹುತೇಕ ಅಂಗಡಿಗಳವರು ಹೊಸದಾಗಿ ಯಾವ ನಿರ್ಧಾರವನ್ನೂ ಮಾಡಿರಲಿಲ್ಲ. ಅವರು ನಿರ್ಧಾರ ಮಾಡಲು ತೊಡಗಿದಾಗ ಏನಾಯಿತೆಂಬುದು ಒಂದು ವಾರದೊಳಗೇ ವ್ಯಕ್ತವಾಯಿತು. ಆರಂಭದ ದಿನಗಳಲ್ಲಿ ಆಪಲ್ ಪೇಯನ್ನು ತಾನಾಗಿ ಗ್ರಹಿಸುತ್ತಿದ್ದ ಯಂತ್ರಗಳನ್ನು ಸಿವಿಎಸ್ ಮತ್ತು ರೈಟ್ ಏಡ್ ಎಂಬ ಎರಡು ದೊಡ್ಡ ಔಷಧಿ ವ್ಯಾಪಾರ ಸಂಸ್ಥೆಗಳು ಆ ಅಕ್ಟೋಬರ್ ತಿಂಗಳ ಕೊನೆಯ ವಾರದಲ್ಲಿ ಹಾಗೆ ಗ್ರಹಿಸದಂತೆ ಮಾಡಿಬಿಟ್ಟುವು. ಯಂತ್ರ ಅದೇ, ಗಿರಾಕಿ ಅವನೇ, ಸೌಕರ್ಯವೂ ಅಷ್ಟೇ. ಆದರೂ ಬಾಗಿಲು ಮುಚ್ಚಿತು. ಸೌಕರ್ಯವಾದವು ಈ ಘಟನೆಯನ್ನು ವಿವರಿಸಲಾರದು.

೩

ಹಾಗಾದರೆ ವರ್ತಕರ ನಿರಾಕರಣೆಗೆ ಕಾರಣವೇನು? ಇದನ್ನು ತಿಳಿಯಲು ಅರ್ಧ ಶತಮಾನಕ್ಕೂ ಹಿಂದಕ್ಕೆ ಹೋಗಬೇಕಾಗುತ್ತದೆ.

೧೯೫೮ರ ಸೆಪ್ಟೆಂಬರ್ ತಿಂಗಳಲ್ಲಿ ಬ್ಯಾಂಕ್ ಆಫ್ ಅಮೆರಿಕವು ಕ್ಯಾಲಿಫೋರ್ನಿಯದ ಫ್ರೆಸ್ನೋ ಪಟ್ಟಣದ ನಿವಾಸಿಗಳಿಗೆ, ಅವರು ಕೇಳದೆಯೇ, ೬೦,೦೦೦ ಸಾಲದ ಕಾರ್ಡುಗಳನ್ನು ಅಂಚೆಯಲ್ಲಿ ಕಳುಹಿಸಿತು. ಕಾರ್ಡನ್ನು ಮನ್ನಿಸಲು ಒಪ್ಪಿದ ವರ್ತಕರು ಪ್ರತಿಯೊಂದು ಮಾರಾಟದ ಮೇಲೂ ಬ್ಯಾಂಕಿಗೆ ಒಂದು ಪಾಲನ್ನು ಬಿಟ್ಟುಕೊಡಬೇಕಾಗಿತ್ತು. ಸ್ವಂತ ಉದ್ದರಿ ಖಾತೆಗಳನ್ನು ನಡೆಸುತ್ತಿದ್ದ ದೊಡ್ಡ ಮಳಿಗೆಗಳಿಗೆ ಈ ಏರ್ಪಾಡು ಬೇಕಾಗಿರಲಿಲ್ಲ. ಉದ್ದರಿಯ ಪುಸ್ತಕವನ್ನು ಇಟ್ಟು ಬಾಕಿ ವಸೂಲು ಮಾಡುವ ಶಕ್ತಿಯಿಲ್ಲದ ಸಣ್ಣ ಅಂಗಡಿಗಳಿಗೆ ಬೇಕಾಗಿತ್ತು. ಸಾಲ ಕೊಡುವ, ವಸೂಲು ಮಾಡುವ, ಮುಳುಗಿದ ಬಾಕಿಯನ್ನು ಸಹಿಸುವ ಭಾರವನ್ನು ಬ್ಯಾಂಕು ಹೊತ್ತುದರಿಂದ, ಅವರು ಬಿಟ್ಟುಕೊಟ್ಟ ಪಾಲಿಗೆ ಪ್ರತಿಫಲವಿತ್ತು. ಮೂಲದಲ್ಲಿ ಇದು ನ್ಯಾಯವಾದ ಒಪ್ಪಂದವೇ ಆಗಿತ್ತೆಂಬುದನ್ನು ಮರೆಯಬಾರದು.

ಕಾಲಕ್ರಮದಲ್ಲಿ ಒಪ್ಪಂದದ ಸ್ವರೂಪ ಬದಲಾಯಿತು. ಕಾರ್ಡು ಎಲ್ಲರ ಕೈಗೂ ಬಂದ ಮೇಲೆ ಅದನ್ನು ನಿರಾಕರಿಸುವ ಸ್ವಾತಂತ್ರ್ಯ ವರ್ತಕನಿಗೆ ಉಳಿಯಲಿಲ್ಲ. ಶುಲ್ಕ ಮಾತ್ರ ಉಳಿಯಿತು. ಕಿರಾಣಿ ವ್ಯಾಪಾರದಂತೆ ಅತ್ಯಲ್ಪ ನಿವ್ವಳ ಲಾಭದ ಮೇಲೆ ನಡೆಯುವ ಉದ್ಯಮದಲ್ಲಿ ನೂರಕ್ಕೆ ಎರಡರ ಆಸುಪಾಸಿನ ಶುಲ್ಕವೆಂದರೆ ಲಾಭದಷ್ಟೇ ಮೊತ್ತವನ್ನು ಪರರಿಗೆ ಒಪ್ಪಿಸಿದಂತೆ. ವಾಲ್‌ಮಾರ್ಟ್ ಮೊದಲಾದ ವರ್ತಕರು ೧೯೯೬ರಲ್ಲಿ ವೀಸಾ ಮತ್ತು ಮಾಸ್ಟರ್‌ಕಾರ್ಡ್ ಸಂಸ್ಥೆಗಳ ಮೇಲೆ ಹೂಡಿದ ದಾವೆಯು ೨೦೦೩ರಲ್ಲಿ ಸುಮಾರು ೩೦೦ ಕೋಟಿ ಡಾಲರುಗಳ ಒಪ್ಪಂದದಲ್ಲಿ ಮುಗಿಯಿತು. ೨೦೦೫ರಲ್ಲಿ ಮತ್ತೊಂದು ದಾವೆ ಆರಂಭವಾಯಿತು. ೨೦೧೦ರ ಕಾಯಿದೆಯ ಅನ್ವಯ, ೨೦೧೧ರ ಅಕ್ಟೋಬರ್ ೧ರಿಂದ ದೊಡ್ಡ ಬ್ಯಾಂಕುಗಳ ಡೆಬಿಟ್ ಕಾರ್ಡಿನ ಶುಲ್ಕಕ್ಕೆ ೨೧ ಸೆಂಟ್ ಹಾಗೂ ಮೊತ್ತದ ನೂರಕ್ಕೆ ೦.೦೫ರಷ್ಟು, ಮೋಸ ತಡೆಯುವ ವೆಚ್ಚಕ್ಕೆಂದು ಇನ್ನೊಂದು ಸೆಂಟ್ ಎಂಬ ಮಿತಿ ಬಂದಿತು. ೪೦ ಡಾಲರಿನ ಮಾರಾಟಕ್ಕೆ ಲೆಕ್ಕ ಹಾಕಿದರೆ ಇದು ೨೪ ಸೆಂಟ್ ಆಗುತ್ತದೆ. ಕ್ರೆಡಿಟ್ ಕಾರ್ಡಿಗೆ ಇಂತಹ ಮಿತಿ ಬರಲಿಲ್ಲ.

ಈ ಹಿನ್ನೆಲೆಯನ್ನು ಬಿಟ್ಟು ೨೦೧೨ರ ಘಟನೆಯನ್ನು ಅರ್ಥಮಾಡಿಕೊಳ್ಳಲು ಸಾಧ್ಯವಿಲ್ಲ. ಆ ವರ್ಷದ ಆಗಸ್ಟ್ ತಿಂಗಳಲ್ಲಿ ವಾಲ್‌ಮಾರ್ಟ್, ಟಾರ್ಗೆಟ್, ಬೆಸ್ಟ್ ಬೈ, ಸಿವಿಎಸ್, ಸೆವೆನ್–ಇಲೆವೆನ್ ಮುಂತಾದ ವರ್ತಕರು ಸೇರಿ ಎಂಸಿಎಕ್ಸ್ ಎಂಬ ಕೂಟವನ್ನು ರಚಿಸಿಕೊಂಡರು. ‘ಕರೆಂಟ್‌ಸಿ’ ಎಂಬುದು ಅವರು ಯೋಜಿಸಿದ ಪಾವತಿ ವ್ಯವಸ್ಥೆ. ಅದರಲ್ಲಿ ರೇಡಿಯೋ ತರಂಗವಿಲ್ಲ; ಫೋನಿನ ಪರದೆಯ ಮೇಲೂ ಅಂಗಡಿಯ ಯಂತ್ರದ ಮೇಲೂ ಮೂಡುವ ಕ್ಯೂಆರ್ ಸಂಕೇತವೇ ಸಾಧನ. ಹಣವು ಕಾರ್ಡಿನ ಮಾರ್ಗವನ್ನು ಬಿಟ್ಟು ಗಿರಾಕಿಯ ಬ್ಯಾಂಕು ಖಾತೆಯಿಂದ ನೇರವಾಗಿ ಬರತಕ್ಕದ್ದು. ಗಿರಾಕಿಯು ಏನನ್ನು, ಎಂದು, ಎಷ್ಟಕ್ಕೆ ಕೊಂಡನೆಂಬ ವಿವರ ವರ್ತಕರಲ್ಲಿಯೇ ಉಳಿಯತಕ್ಕದ್ದು. ಆಪಲ್ ಪೇಯಲ್ಲಾದರೋ ಕಾರ್ಡಿನ ನಿಜವಾದ ಸಂಖ್ಯೆಗೆ ಬದಲಾಗಿ ಬೇರೊಂದು ಸಂಖ್ಯೆ ವರ್ತಕನಿಗೆ ತಲಪುತ್ತಿತ್ತು. ಶುಲ್ಕವು ಹಿಂದಿನಂತೆಯೇ ನಡೆಯುತ್ತಿತ್ತು. ಬ್ಯಾಂಕುಗಳು ತಮ್ಮ ಪಾಲಿನಿಂದ ಆಪಲ್ ಸಂಸ್ಥೆಗೆ ನೂರಕ್ಕೆ ೦.೧೫ರಷ್ಟು ಕೊಡುತ್ತಿದ್ದುವೆಂದು ಆಗ ವರದಿಯಾಗಿತ್ತು. ಅಂದಮೇಲೆ ಔಷಧಿ ಮಳಿಗೆಗಳು ಯಂತ್ರದ ಬಾಗಿಲನ್ನು ಮುಚ್ಚಿದುದು ಹೊಸತನದ ಭಯದಿಂದಲ್ಲ. ಅವು ಎಂಸಿಎಕ್ಸ್ ಕೂಟದ ಸದಸ್ಯಸಂಸ್ಥೆಗಳು. ಐವತ್ತಾರು ವರ್ಷಗಳ ಹಳೆಯ ವಿವಾದವೊಂದರಲ್ಲಿ ಅವು ತಮ್ಮ ಪಕ್ಷವನ್ನು ಹಿಡಿದಿದ್ದುವು.

೪

ಕರೆಂಟ್‌ಸಿ ಸೋತಿತು. ೨೦೧೪ರ ಅಕ್ಟೋಬರ್ ೨೯ರಂದು, ಪರೀಕ್ಷಾರ್ಥವಾಗಿ ಸೇರಿದ್ದ ಕೆಲವರ ಇಮೇಲ್ ವಿಳಾಸಗಳು ಕಳುವಾಗಿದ್ದುದು ಬಯಲಾಯಿತು. ೨೦೧೫ರಲ್ಲಿ ಒಹಾಯೋ ಸಂಸ್ಥಾನದ ಕೊಲಂಬಸ್ ನಗರದಲ್ಲಿ ಪ್ರಯೋಗ ನಡೆಯಿತು. ೨೦೧೬ರ ಜೂನ್ ೨೮ರಂದು ಅದೂ ನಿಂತಿತು. ೨೦೧೭ರ ಮಾರ್ಚ್ ತಿಂಗಳಲ್ಲಿ ಈ ಕೂಟದ ತಾಂತ್ರಿಕ ಸ್ವತ್ತನ್ನು ಕೊಂಡುಕೊಂಡುದು ಜೆಪಿ ಮಾರ್ಗನ್ ಚೇಸ್, ಅಂದರೆ ದೇಶದ ಅತಿ ದೊಡ್ಡ ಬ್ಯಾಂಕುಗಳಲ್ಲಿ ಒಂದು. ಬ್ಯಾಂಕುಗಳನ್ನು ದೂರವಿಡಲೆಂದು ಕಟ್ಟಿದ ಕೋಟೆ ಬ್ಯಾಂಕಿನ ಕೈಗೇ ಸೇರಿದುದು ಗಮನಾರ್ಹವಾದ ಸಂಗತಿ.

ಈ ಸೋಲಿಗೆ ಕ್ಯೂಆರ್ ಸಂಕೇತದ ತೊಡಕೇ ಕಾರಣವೆಂದು ಬಹುಮಂದಿಯ ಮತ. ಫೋನನ್ನು ತೆರೆದು, ಸಂಕೇತವನ್ನು ಹುಡುಕಿ, ಹಿಡಿದು ತೋರಿಸುವುದಕ್ಕಿಂತ ಸುಮ್ಮನೆ ಯಂತ್ರದ ಬಳಿ ಹಿಡಿಯುವುದು ಸುಲಭವೆಂಬುದು ನಿರ್ವಿವಾದ. ಆದರೆ ಅದೇ ದೇಶದಲ್ಲಿ, ಅದೇ ಕಾಲದಲ್ಲಿ, ಸ್ಟಾರ್‌ಬಕ್ಸ್ ಕಾಫಿ ಸಂಸ್ಥೆಯು ಪರದೆಯ ಮೇಲೆ ಸಂಕೇತವನ್ನು ತೋರಿಸಿ ಹಣ ಸಲ್ಲಿಸುವ ಏರ್ಪಾಡನ್ನು ೨೦೧೧ರ ಜನವರಿಯಲ್ಲಿ ದೇಶಾದ್ಯಂತ ತಂದು ಅಸಾಧಾರಣವಾದ ಯಶಸ್ಸನ್ನು ಪಡೆದಿತ್ತು. ತೊಡಕೇ ಸೋಲಿನ ಕಾರಣವಾಗಿದ್ದರೆ ಸ್ಟಾರ್‌ಬಕ್ಸ್ ಗೆಲ್ಲಬಾರದಾಗಿತ್ತು. ಅಲ್ಲಿ ಗಿರಾಕಿಗೆ ಪ್ರತಿಯಾಗಿ ಬಹುಮಾನದ ಲೆಕ್ಕ ಸಿಗುತ್ತಿತ್ತು. ಕರೆಂಟ್‌ಸಿಯಲ್ಲಿ ಗಿರಾಕಿ ಏನನ್ನು ಕಳೆದುಕೊಳ್ಳುತ್ತಿದ್ದನೆಂಬುದೇ ನಿಜವಾದ ಪ್ರಶ್ನೆ.

ಕ್ರೆಡಿಟ್ ಕಾರ್ಡನ್ನು ಉಪಯೋಗಿಸುವ ಅಮೆರಿಕದ ಗಿರಾಕಿಗೆ ಮೂರು ಲಾಭಗಳಿದ್ದುವು. ಕೊಂಡ ಪದಾರ್ಥದ ಹಣವನ್ನು ಕೆಲವು ವಾರಗಳ ಅನಂತರ ಕೊಟ್ಟರೆ ಸಾಕಾಗಿತ್ತು. ಕಾರ್ಡು ಕಳುವಾಗಿ ಅನ್ಯರು ಅದನ್ನು ಉಪಯೋಗಿಸಿದರೆ, ಕಾನೂನಿನ ಪ್ರಕಾರ ಅವನ ಹೊಣೆ ೫೦ ಡಾಲರನ್ನು ಮೀರುತ್ತಿರಲಿಲ್ಲ. ಇದಲ್ಲದೆ ಪ್ರತಿಯೊಂದು ಖರೀದಿಗೂ ಅಂಕಗಳೋ ಹಣದ ಒಂದಂಶವೋ ಹಿಂದಕ್ಕೆ ಬರುತ್ತಿತ್ತು. ಕರೆಂಟ್‌ಸಿ ಈ ಮೂರನ್ನೂ ಬಿಟ್ಟು, ಉಳಿತಾಯದ ಹಣವಿರುವ ಖಾತೆಗೇ ಬಾಗಿಲು ತೆರೆಯೆಂದು ಅವನನ್ನು ಕೇಳಿತು. ಅವನು ಒಲ್ಲೆನೆಂದುದು ಕೆಲವು ಕ್ಷಣಗಳ ವಿಳಂಬಕ್ಕಾಗಿ ಅಲ್ಲ.

ಇಲ್ಲಿ ಈ ಇತಿಹಾಸದ ಮರ್ಮವಿದೆ. ಗಿರಾಕಿಗೆ ಹಿಂದಕ್ಕೆ ಬರುತ್ತಿದ್ದ ಆ ಅಂಕಗಳಿಗೆ ಹಣ ಬರುತ್ತಿದ್ದುದು ಎಲ್ಲಿಂದ? ವರ್ತಕನು ತೆರುತ್ತಿದ್ದ ಶುಲ್ಕದಿಂದಲೇ. ಯಾವ ಶುಲ್ಕವನ್ನು ತೊಲಗಿಸಬೇಕೆಂದು ವರ್ತಕರು ಹೊರಟರೋ, ಅದೇ ಶುಲ್ಕದ ಒಂದು ಭಾಗ ಅವರ ಗಿರಾಕಿಯನ್ನು ಕಾರ್ಡಿಗೆ ಕಟ್ಟಿಹಾಕಿತ್ತು. ಅಂಗಡಿಯವನ ಹಣದಿಂದಲೇ ಅಂಗಡಿಯವನ ವಿರುದ್ಧ ಗಿರಾಕಿಯ ನಿಷ್ಠೆಯನ್ನು ಕೊಂಡಿದ್ದ ಈ ವ್ಯವಸ್ಥೆಯನ್ನು ಮುರಿಯಬೇಕಾದರೆ, ಉಳಿಸಿದ ಶುಲ್ಕದಲ್ಲಿ ಗಿರಾಕಿಗೂ ಸ್ಪಷ್ಟವಾದ ಪಾಲನ್ನು ಕೊಡಬೇಕಾಗಿತ್ತು. ಎಂಸಿಎಕ್ಸ್ ಕೂಟದವರು ಕೂಪನುಗಳ ಮಾತನ್ನಾಡಿದರೇ ಹೊರತು, ಕಾರ್ಡು ಕೊಡುತ್ತಿದ್ದುದಕ್ಕೆ ಸಮನಾದುದನ್ನು ಕೊಡಲಿಲ್ಲ. ವರ್ತಕರ ದೂರು ನ್ಯಾಯವಾಗಿತ್ತು. ಅವರ ಪರಿಹಾರ ಸ್ವಾರ್ಥದ್ದಾಗಿತ್ತು. ಈ ಎರಡು ಮಾತುಗಳನ್ನೂ ಒಟ್ಟಿಗೆ ಹೇಳದ ಹೊರತು ತೀರ್ಮಾನ ಪೂರ್ಣವಾಗುವುದಿಲ್ಲ.

ಆಪಲ್ ಪೇ ಮತ್ತು ಅದರಂತಹ ವ್ಯವಸ್ಥೆಗಳಿಗೆ ಅಂಗಡಿಗಳಲ್ಲಿ ಮುಂದೆ ದೊರೆತ ಪ್ರವೇಶಕ್ಕೂ ಸೌಕರ್ಯ ಮಾತ್ರವೇ ಕಾರಣವಲ್ಲ. ೨೦೧೩ರ ಕೊನೆಯಲ್ಲಿ ಟಾರ್ಗೆಟ್ ಮಳಿಗೆಗಳಿಂದ ಸುಮಾರು ೪ ಕೋಟಿ ಕಾರ್ಡುಗಳ ವಿವರ ಕಳುವಾಯಿತು. ೨೦೧೪ರಲ್ಲಿ ಹೋಮ್ ಡಿಪೋ ಮಳಿಗೆಗಳಿಂದ ೫.೬ ಕೋಟಿ. ಕಾರ್ಡು ಸಂಸ್ಥೆಗಳು ಮೊದಲೇ ಗೊತ್ತುಮಾಡಿದ್ದಂತೆ, ೨೦೧೫ರ ಅಕ್ಟೋಬರ್ ೧ರಿಂದ ಚಿಪ್ಪಿನ ಕಾರ್ಡನ್ನು ಓದುವ ಯಂತ್ರವಿಲ್ಲದ ಅಂಗಡಿಯಲ್ಲಿ ನಕಲಿ ಕಾರ್ಡಿನಿಂದಾದ ನಷ್ಟವನ್ನು ಅಂಗಡಿಯವನೇ ಹೊರಬೇಕಾಯಿತು. ವರ್ತಕರು ಹೊಸ ಯಂತ್ರಗಳನ್ನು ಕೊಂಡರು. ಆ ಯಂತ್ರಗಳಲ್ಲಿ ಅನೇಕವು ಸ್ಪರ್ಶರಹಿತ ಪಾವತಿಗೂ ಯೋಗ್ಯವಾಗಿದ್ದುವು. ನಷ್ಟದ ಹೊಣೆ ಬ್ಯಾಂಕಿನಿಂದ ವರ್ತಕನ ಹೆಗಲಿಗೆ ಜಾರಿದುದೇ ಯಂತ್ರದ ಪ್ರಸಾರಕ್ಕೆ ಪ್ರಬಲವಾದ ಕಾರಣವಾಯಿತೆಂದು ಹೇಳಿದರೆ ತಪ್ಪಾಗಲಾರದು. ರೈಟ್ ಏಡ್ ೨೦೧೫ರ ಆಗಸ್ಟಿನಲ್ಲಿ, ಸಿವಿಎಸ್ ೨೦೧೮ರಲ್ಲಿ, ಟಾರ್ಗೆಟ್ ೨೦೧೯ರಲ್ಲಿ ಮಣಿದುವು. ವಾಲ್‌ಮಾರ್ಟ್ ಮಾತ್ರ ೨೦೧೫ರ ಡಿಸೆಂಬರಿನಲ್ಲಿ ‘ವಾಲ್‌ಮಾರ್ಟ್ ಪೇ’ ಎಂಬ ತನ್ನದೇ ಕ್ಯೂಆರ್ ವ್ಯವಸ್ಥೆಯನ್ನು ಪ್ರಕಟಿಸಿ, ಅದರೊಳಗೆ ಗಿರಾಕಿ ತನಗೆ ಬೇಕಾದ ಕಾರ್ಡನ್ನು ಸೇರಿಸಿಕೊಳ್ಳಬಹುದೆಂದು ಬಿಟ್ಟಿತು. ಎಂದರೆ, ಶುಲ್ಕದ ಪ್ರಶ್ನೆಯಲ್ಲಿ ಸೋಲನ್ನೊಪ್ಪಿ ಲೆಕ್ಕದ ಪ್ರಶ್ನೆಯಲ್ಲಿ ತನ್ನ ಹಿಡಿತವನ್ನು ಉಳಿಸಿಕೊಂಡಿತು. ವರ್ತಕರೆಲ್ಲರೂ ಒಂದೇ ಬಗೆಯಾಗಿ ಶರಣಾದರೆಂಬ ಮಾತೂ ಹೀಗೆ ನಿಲ್ಲುವುದಿಲ್ಲ.

೫

ಬ್ಯಾಂಕುಗಳು ಯಾವಾಗಲೂ ಮುಂದಾಳುಗಳೆಂಬ ಅಭಿಪ್ರಾಯವನ್ನು ಪರೀಕ್ಷಿಸಲು ಆಸ್ಟ್ರೇಲಿಯದ ನಿದರ್ಶನ ಸಾಕು. ಅಲ್ಲಿ ಸ್ಪರ್ಶರಹಿತ ಕಾರ್ಡುಗಳೂ ಯಂತ್ರಗಳೂ ಮೊದಲೇ ವ್ಯಾಪಕವಾಗಿದ್ದುದರಿಂದ ವರ್ತಕರ ತಕರಾರಿಗೆ ಆಸ್ಪದ ಕಡಮೆ. ಅಲ್ಲಿ ಹಿಂಜರಿದವರು ಬ್ಯಾಂಕುಗಳೇ. ಕಾಮನ್‌ವೆಲ್ತ್ ಬ್ಯಾಂಕ್, ವೆಸ್ಟ್‌ಪ್ಯಾಕ್, ನ್ಯಾಷನಲ್ ಆಸ್ಟ್ರೇಲಿಯ ಬ್ಯಾಂಕ್, ಬೆಂಡಿಗೋ ಅಂಡ್ ಅಡಿಲೇಡ್ ಬ್ಯಾಂಕ್ ಎಂಬ ನಾಲ್ಕು ಬ್ಯಾಂಕುಗಳು ಆಪಲ್ ಸಂಸ್ಥೆಯೊಡನೆ ಸಾಮೂಹಿಕವಾಗಿ ಚೌಕಾಶಿ ಮಾಡಲು, ಅಗತ್ಯವಾದರೆ ಒಟ್ಟಾಗಿ ಬಹಿಷ್ಕರಿಸಲು, ೨೦೧೬ರಲ್ಲಿ ಸ್ಪರ್ಧಾನಿಯಂತ್ರಣ ಆಯೋಗದ ಅನುಮತಿಯನ್ನು ಬೇಡಿದುವು. ಐಫೋನಿನ ಎನ್‌ಎಫ್‌ಸಿ ಚಿಪ್ಪನ್ನು ತಮ್ಮ ಸ್ವಂತ ಆ್ಯಪ್‌ಗಳಿಗೂ ತೆರೆಯಬೇಕೆಂಬುದು ಅವುಗಳ ಮುಖ್ಯ ಬೇಡಿಕೆ. ಆಯೋಗವು ೨೦೧೭ರ ಮಾರ್ಚ್ ೩೧ರಂದು ಅನುಮತಿಯನ್ನು ನಿರಾಕರಿಸಿತು. ಕಾಮನ್‌ವೆಲ್ತ್ ಬ್ಯಾಂಕು ೨೦೧೯ರ ಜನವರಿಯಲ್ಲಿ ಆಪಲ್ ಪೇಗೆ ಸೇರಿತು. ಅದೇ ಬೇಡಿಕೆ ಯೂರೋಪಿನಲ್ಲಿ ಬೇರೊಂದು ಫಲವನ್ನು ಕೊಟ್ಟಿತು: ಐರೋಪ್ಯ ಆಯೋಗದ ವಿಚಾರಣೆಯ ಫಲವಾಗಿ, ಆ ಚಿಪ್ಪನ್ನು ಇತರರಿಗೂ ಹತ್ತು ವರ್ಷಗಳ ಕಾಲ ತೆರೆದಿಡುವುದಾಗಿ ಆಪಲ್ ಕೊಟ್ಟ ವಾಗ್ದಾನ ೨೦೨೪ರ ಜುಲೈ ೧೧ರಂದು ಕಾನೂನಿನ ಬಲವನ್ನು ಪಡೆಯಿತು. ಅಮೆರಿಕದಲ್ಲಿ ವರ್ತಕನು ಬ್ಯಾಂಕಿಗೆ ಹೇಳಿದ ಮಾತನ್ನೇ ಇಲ್ಲಿ ಬ್ಯಾಂಕು ಫೋನಿನ ತಯಾರಕನಿಗೆ ಹೇಳಿತು. ದಾರಿಯನ್ನು ಹಿಡಿದವನು ಸುಂಕವನ್ನು ಕೇಳುತ್ತಾನೆ. ಸುಂಕ ತೆರುವವನು ಬೇರೆ ದಾರಿಯನ್ನು ಹುಡುಕುತ್ತಾನೆ.

೬

ಕೊನೆಯದಾಗಿ ನಮ್ಮ ದೇಶದ ಸಂಗತಿಯನ್ನು, ಹೋಲಿಕೆಗೆ ಎಷ್ಟು ಬೇಕೋ ಅಷ್ಟು ಮಾತ್ರ, ನೋಡಬಹುದು. ಅಮೆರಿಕದಲ್ಲಿ ಬಿದ್ದುಹೋದ ವಿಧಾನ, ಎಂದರೆ ಕ್ಯೂಆರ್ ಸಂಕೇತ ಮತ್ತು ಬ್ಯಾಂಕು ಖಾತೆಯಿಂದ ನೇರ ಪಾವತಿ, ೨೦೧೬ರಲ್ಲಿ ಯುಪಿಐ ಆರಂಭವಾದ ಮೇಲೆ ಭಾರತದಲ್ಲಿ ತರಕಾರಿಯ ಗಾಡಿಯವರೆಗೂ ಹಬ್ಬಿತು. ಉಪಕರಣವನ್ನೇ ಕಾರಣವೆನ್ನುವವರು ಈ ವೈದೃಶ್ಯವನ್ನು ಹೇಗೆ ವಿವರಿಸುತ್ತಾರೆ? ನಮ್ಮ ಮೂರು ಪ್ರಶ್ನೆಗಳನ್ನು ಕೇಳಿದರೆ ವಿವರಣೆ ಕಷ್ಟವಲ್ಲ. ಇಲ್ಲಿಯ ಬಹುಪಾಲು ಗಿರಾಕಿಗಳಿಗೆ ಬಿಟ್ಟುಕೊಡಬೇಕಾದ ಕ್ರೆಡಿಟ್ ಕಾರ್ಡಿನ ಲಾಭವೇ ಇರಲಿಲ್ಲ. ವರ್ತಕನು ಯಂತ್ರವನ್ನು ಕೊಳ್ಳಬೇಕಾಗಿರಲಿಲ್ಲ. ಅಚ್ಚಾದ ಒಂದು ಹಾಳೆ ಸಾಕಾಗಿತ್ತು. ೨೦೨೦ರ ಜನವರಿ ೧ರಿಂದ ಇಂತಹ ಪಾವತಿಗೆ ವರ್ತಕನ ಮೇಲಿನ ಶುಲ್ಕವನ್ನು ಸರ್ಕಾರವೇ ಶೂನ್ಯಗೊಳಿಸಿತು. ವೆಚ್ಚ ಮಾಯವಾಗಲಿಲ್ಲ, ಸ್ಥಳಾಂತರವಾಯಿತು. ಸಣ್ಣ ಮೊತ್ತದ ಪಾವತಿಗಳನ್ನು ಪ್ರೋತ್ಸಾಹಿಸಲು ೨೦೨೪–೨೫ನೆಯ ಸಾಲಿಗೆ ಸುಮಾರು ೧,೫೦೦ ಕೋಟಿ ರೂಪಾಯಿಗಳ ಯೋಜನೆಗೆ ಕೇಂದ್ರ ಸಚಿವಸಂಪುಟ ಒಪ್ಪಿಗೆ ನೀಡಿದುದೇ ಇದಕ್ಕೆ ಸಾಕ್ಷಿ.

ಉಳಿದುದು ಲೆಕ್ಕದ ಪ್ರಶ್ನೆ. ೨೦೨೫ರ ಜುಲೈ ತಿಂಗಳಲ್ಲಿ, ಯುಪಿಐ ಮೂಲಕ ಬಂದ ಹಣದ ಲೆಕ್ಕವನ್ನು ಆಧರಿಸಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯು ಸಣ್ಣ ವ್ಯಾಪಾರಿಗಳಿಗೆ ನೋಟೀಸುಗಳನ್ನು ಕಳುಹಿಸಿದಾಗ, ಬೆಂಗಳೂರಿನ ಹಲವು ಅಂಗಡಿಗಳಲ್ಲಿ ಕ್ಯೂಆರ್ ಹಾಳೆ ಇಳಿದು ‘ನಗದು ಮಾತ್ರ’ ಎಂಬ ಬರಹ ಏರಿತು. ತೆರಿಗೆಯ ನ್ಯಾಯಾನ್ಯಾಯ ಈ ಲೇಖನದ ವಿಷಯವಲ್ಲ. ಆದರೆ ಇತಿಹಾಸದ ವಿದ್ಯಾರ್ಥಿ ಗಮನಿಸಬೇಕಾದ ಅಂಶವೊಂದಿದೆ. ಆ ಅಂಗಡಿಯವರು ಉಪಕರಣದ ಉಪಯೋಗವನ್ನು ಚೆನ್ನಾಗಿ ಬಲ್ಲವರು. ವರ್ಷಗಟ್ಟಲೆ ಅದನ್ನು ಬಳಸಿದವರು. ಅವರು ಹಾಳೆಯನ್ನು ತೆಗೆದುದು ಅಜ್ಞಾನದಿಂದಲ್ಲ. ಲೆಕ್ಕ ಯಾರ ಕೈಯಲ್ಲಿದೆಯೆಂಬುದು ಅಂದು ಅವರಿಗೆ ಮನವರಿಕೆಯಾದುದರಿಂದ. ೨೦೧೪ರಲ್ಲಿ ಔಷಧಿ ಮಳಿಗೆಗಳ ಯಂತ್ರದ ಬಾಗಿಲು ಮುಚ್ಚಿದಂತೆಯೇ ಇದೂ ಒಂದು ಅಭಿಪ್ರಾಯಪ್ರಕಟನೆ.

ಈ ವಿಮರ್ಶೆಯಿಂದ ಸೌಕರ್ಯಕ್ಕೆ ಬೆಲೆಯೇ ಇಲ್ಲವೆಂದು ಸಾಧಿಸಿದಂತಾಗುವುದಿಲ್ಲ. ಅದು ನಮ್ಮ ಉದ್ದೇಶವೂ ಅಲ್ಲ. ಒಪ್ಪಂದವೊಂದು ಎಲ್ಲ ಪಕ್ಷಗಳಿಗೂ ಸಹ್ಯವಾದ ಮೇಲೆ ಅದನ್ನು ವೇಗವಾಗಿ ಹಬ್ಬಿಸುವ ಶಕ್ತಿ ಸೌಕರ್ಯಕ್ಕೆ ಉಂಟು. ಒಪ್ಪಂದವನ್ನು ಹುಟ್ಟಿಸುವ ಶಕ್ತಿ ಅದಕ್ಕಿಲ್ಲ. ಆದುದರಿಂದ ಈ ಕಾಲದ ಆರ್ಥಿಕ ಇತಿಹಾಸವನ್ನು ಬೋಧಿಸುವವರೂ ಓದುವವರೂ ಸಂಸ್ಥೆಗಳ ಪ್ರಕಟಣೆಗಳಲ್ಲಿರುವ ಸಂಖ್ಯೆಗಳನ್ನು ಉದ್ಧರಿಸುವ ಮೊದಲು ಎಣಿಸಿದುದು ಏನನ್ನು ಎಂದು ಕೇಳಬೇಕು; ಒಪ್ಪದವನನ್ನು ಹಿಂದುಳಿದವನೆಂದು ಬರೆಯುವ ಮೊದಲು ಅವನು ತೆರಬೇಕಾಗಿದ್ದುದು ಎಷ್ಟೆಂದು ವಿಚಾರಿಸಬೇಕು. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವನಿಗೂ ಒಂದು ವಿವೇಚನೆಯಿದೆಯೆಂದು ಒಪ್ಪಿಕೊಂಡಲ್ಲಿ ಮಾತ್ರ ಈ ಇತಿಹಾಸ ಸರಿಯಾಗಿ ಬರೆಯಲ್ಪಡುತ್ತದೆ.